ವಸಿ ತಡೀರಿ, ಅಧ್ಯಕ್ಸರೇ

"ಇಲ್ಲಿ ಯಾರಾದ್ರೂ ಬತ್ತಾರಾ ಸಾ?"

ಪಕ್ಕದ ಕುರ್ಚಿ ತೋರಿಸಿ ಆಕೆ ಕೇಳಿದಾಗ ನಾನು "ಬರ್ತಾರಮ್ಮ" ಅಂದುಬಿಟ್ಟೆ. ಸುಳ್ಳು. ಆ ಕುರ್ಚಿಯ ಮೇಲೆ ಟವೆಲ್ ಹಾಸಿದವನು ನಾನೇ. ಯಾರಿಗಾಗಿ ಹಾಸಿದ್ದೆನೋ ಆ ಮನುಷ್ಯ ತೀರಿಕೊಂಡು ಎರಡು ವರ್ಷವಾಗಿದೆ.

ಕಳೆದ ತಿಂಗಳು ಒಂದು ಭಾನುವಾರ, ಮದ್ದೂರಿನ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಮಾತಿದು. ನಾನು ಸದಸ್ಯನಾಗಿರುವ ಸಹಕಾರಿ ಬ್ಯಾಂಕಿನ ವಾರ್ಷಿಕ ಸಭೆ. (ಬ್ಯಾಂಕಿನ ಹೆಸರು ಬರೆಯುವುದಿಲ್ಲ. ನಿಮ್ಮ ಊರಿನದೇ ಅಂದುಕೊಂಡು ಓದಿ, ಹೆಚ್ಚು ವ್ಯತ್ಯಾಸವಾಗದು.) ಸಭೆಗೆ ಅರ್ಧ ಗಂಟೆ ಮೊದಲೇ ಹೋಗಿ ಮುಂದಿನಿಂದ ಮೂರನೇ ಸಾಲಿನಲ್ಲಿ ಕೂರುವುದು ನನ್ನ ರೂಢಿ. ಪಕ್ಕದ ಕುರ್ಚಿಗೆ ಟವೆಲ್ ಹಾಸುವುದೂ ರೂಢಿ. ಕೈ ತನ್ನ ಪಾಡಿಗೆ ಹಾಸಿಬಿಟ್ಟಿತ್ತು.

ಆ ಕುರ್ಚಿ ಬೋರೇಗೌಡನದು. ಕೊತ್ತತ್ತಿಯಿಂದ ಬಂದು ಮದ್ದೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಕೂತರೆ ಮೋಟಾರಿನ ವಾರ್ನಿಶ್ ವಾಸನೆ. ಸದಾ ತಡವಾಗಿ ಬರುವವನು. ಅದಕ್ಕೇ ನನ್ನ ಟವೆಲ್. ಆದರೆ ಕಾರ್ಯದರ್ಶಿಗಳು ವರದಿ ಓದಿ ಮುಗಿಸುವ ಹೊತ್ತಿಗೆ ಸರಿಯಾಗಿ ಏಳುತ್ತಿದ್ದ. ಮೈಕ್ ಬೇಕೆನ್ನುತ್ತಿರಲಿಲ್ಲ.

"ವಸಿ ತಡೀರಿ, ಅಧ್ಯಕ್ಸರೇ."

ಅಷ್ಟು ಸಾಕು. ಸಭೆಯೆಲ್ಲ "ಸುರುವಾಯ್ತಪ್ಪ" ಎಂದು ನರಳುತ್ತಿತ್ತು. ಹಿಂದಿನವರು ಷರಟು ಎಳೆಯುತ್ತಿದ್ದರು. ಅವನು ಮಾತ್ರ ನಿಂತೇ ಇರುತ್ತಿದ್ದ. ಉತ್ತರ ಬರುವ ತನಕ ಕೂರುವ ಅಭ್ಯಾಸ ಅವನಿಗಿರಲಿಲ್ಲ.

ಬ್ಯಾಂಕಿನ ಸಂಜೆ ಕೌಂಟರ್ ಹುಟ್ಟಿದ್ದು ಹಾಗೆಯೇ. ಒಂದು ವರ್ಷ ಎದ್ದು ನಿಂತು ಕೇಳಿದ: "ಅತ್ತು ಗಂಟೆಯಿಂದ ನಾಕರ್ಗಂಟ ಬ್ಯಾಂಕ್ ತೆಗೀತೀರಲ್ಲ, ಇದು ಯಾರಿಗೆ? ಕೆಲ್ಸಕ್ಕೆ ಓಗೋರ್ಗೋ, ಕೆಲ್ಸ ಇಲ್ದೋರ್ಗೋ?" ಸಭೆ ನಕ್ಕಿತು. ವೇದಿಕೆ ನಗಲಿಲ್ಲ. ಮುಂದಿನ ತಿಂಗಳಿಂದ ಸಂಜೆ ಏಳರವರೆಗೆ ಒಂದು ಕಿಟಕಿ ತೆರೆಯಿತು. ಗೆಜ್ಜಲಗೆರೆಯ ಫ್ಯಾಕ್ಟರಿಗಳಿಂದ ಬರುವವರು, ಸೊಪ್ಪು ಮಾರುವವರು, ಗಾರೆ ಕೆಲಸದವರು ಬಸ್ಸಿಳಿದು ನೇರ ಅಲ್ಲಿಗೇ ಬರುತ್ತಿದ್ದರು.

ಇರಲಿ. ನಿಂತೇ ಇದ್ದ ಆ ಹೆಂಗಸಿನ ವಿಷಯಕ್ಕೆ ಬರುತ್ತೇನೆ. ಎಲ್ಲೂ ಜಾಗವಿರಲಿಲ್ಲ. ಟವೆಲ್ ತೆಗೆದು, ಕೂರಮ್ಮ ಎಂದೆ.

"ಬರೋರು?" ಎಂದಳು.

"ಈ ಸಲ ಬರೋ ಹಾಗೆ ಕಾಣ್ಸಲ್ಲ."

ಹೆಸರು ಜಯಮ್ಮ. ಗೆಜ್ಜಲಗೆರೆಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯೊಂದರಲ್ಲಿ ಕೆಲಸ. ಸಂಬಳ ಬೇರೊಂದು ದೊಡ್ಡ ಬ್ಯಾಂಕಿಗೆ ಬೀಳುತ್ತದೆ, ಆ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ. ಭಾನುವಾರ ಮನೆಯಲ್ಲಿ ನೆರೆಹೊರೆಯವರ ಬ್ಲೌಸ್ ಹೊಲಿಯುತ್ತಾಳೆ. ಅದರ ದುಡ್ಡು ಮಾತ್ರ ಈ ಸಂಜೆ ಕೌಂಟರಿಗೆ. ಮಗಳನ್ನು ನರ್ಸಿಂಗ್ ಓದಿಸಬೇಕಂತೆ. ಸಂಜೆ ಕೌಂಟರ್ ಮುಚ್ಚುತ್ತಾರೆಂಬ ಸುದ್ದಿ ಬಸ್ಸಿನಲ್ಲಿ ಕಿವಿಗೆ ಬಿದ್ದು, ಜೀವಮಾನದಲ್ಲಿ ಮೊದಲ ಸಲ ಸಭೆಗೆ ಬಂದಿದ್ದಾಳೆ. ಹಗಲು ಬ್ಯಾಂಕಿಗೆ ಬರಬೇಕೆಂದರೆ ರಜೆ. ರಜೆಯೆಂದರೆ ಸಂಬಳ ಕಟ್, ಆಮೇಲೆ ಮನೆಯಲ್ಲಿ ವಿಚಾರಣೆ.

ಅಷ್ಟರಲ್ಲಿ ನಮ್ಮ ಕಡೆಯ ರಾಜಕೀಯ ನಾಯಕರು ಬಂದರು. ಅವರು ಬ್ಯಾಂಕಿನಲ್ಲಿ ಏನೂ ಅಲ್ಲ. ಅಧ್ಯಕ್ಷರು ಅವರ ಭಾಮೈದ, ಅಷ್ಟೇ. ಆದರೂ ಸಭೆ ಎದ್ದು ನಿಂತಿತು. ಹಾರ ಬಿತ್ತು. ಫೋಟೋ ಆಯಿತು. ಯಾರ ಕಡೆಯವರಿಗೆ ದೊಡ್ಡ ಸಾಲ ಸಿಕ್ಕಿತು, ಯಾರ ಹಳೇ ಸಾಲ ಹೊಸ ಸಾಲದ ವೇಷ ಹಾಕಿತು ಎಂಬುದು ವಡೆ ಅಂಗಡಿಯ ಮುಂದೆ ನಿಂತವರಿಗೆಲ್ಲ ಗೊತ್ತು. ಸಭೆಯೊಳಗೆ ಬಂದರೆ ಮಾತ್ರ ಯಾರಿಗೂ ಏನೂ ಗೊತ್ತಿಲ್ಲ. ಇದೆಂಥ ಮರೆವು?

ಕಾರ್ಯದರ್ಶಿ ಸರಸರನೆ ಓದಿದರು. ಸಣ್ಣ ಖಾತೆಗಳಿಂದ ಲಾಭವಿಲ್ಲದ ಕಾರಣ ಸಂಜೆ ಕೌಂಟರ್ ನಿಲ್ಲಿಸುವುದು. ಒಪ್ಪಿಗೆಯೇ? "ಒಪ್ಪಿಗೆ, ಒಪ್ಪಿಗೆ!" ಚಪ್ಪಾಳೆ. ಅಧ್ಯಕ್ಷರ ಓಡಾಟಕ್ಕೆ ಹೊಸ ಕಾರು ಕೊಳ್ಳುವುದು. ಒಪ್ಪಿಗೆಯೇ? ಅದಕ್ಕೂ ಚಪ್ಪಾಳೆ. ಸಭೆ ರದ್ದುಪಡಿಸುವುದು ಎಂದು ಓದಿದ್ದರೂ ತಟ್ಟುತ್ತಿದ್ದರೋ ಏನೋ. ಹಿಂಬದಿಯಿಂದ ಬಾಡೂಟದ ಘಮ ಬರುತ್ತಿತ್ತು. ಬಾಗಿಲ ಬಳಿ ಸದಸ್ಯರಿಗೆ ಕೊಡಲೆಂದು ಹಾಟ್ ಬಾಕ್ಸುಗಳನ್ನು ಎದೆಯೆತ್ತರಕ್ಕೆ ಜೋಡಿಸಿದ್ದರು.

ಜಯಮ್ಮ ನನ್ನ ಮುಖ ನೋಡಿದಳು. ನಾನು ಎದ್ದೆ.

"ವಸಿ ತಡೀರಿ, ಅಧ್ಯಕ್ಸರೇ."

ನನ್ನ ಬಾಯಲ್ಲಿ ಅವನ ಮಾತು! ಒಂದಿಬ್ಬರು ತಿರುಗಿ ನೋಡಿದರು. ಒಂದು ಕಿಟಕಿಗೆ ಒಬ್ಬ ಗುಮಾಸ್ತನನ್ನು ಕೂರಿಸುವ ಖರ್ಚು ಹೆಚ್ಚೋ, ಕಾರಿನ ಖರ್ಚು ಹೆಚ್ಚೋ ಎಂದು ಕೇಳಿದೆ. ಅಧ್ಯಕ್ಷರು ಬಹಳ ಗೌರವದಿಂದ ನಕ್ಕರು. ಹಿರಿಯರ ಸಲಹೆ ಪರಿಶೀಲಿಸೋಣ ಎಂದರು. ಹಿಂದಿನ ಸಾಲಿನಿಂದ ಯಾರೋ, "ಕೂತ್ಕಳಿ ಸಾ, ಮುದ್ದೆ ಆರೋಯ್ತದೆ" ಎಂದರು. ಆಗಲೇ ಮೈಕಿನಲ್ಲಿ ಘೋಷಣೆ: ಸಹಿ ಮಾಡಿದವರಿಗೆ ಹಾಟ್ ಬಾಕ್ಸ್ ವಿತರಣೆ ಶುರುವಾಗಿದೆ.

ಕುರ್ಚಿಗಳನ್ನು ಎಳೆದಾಡಿದ ಸದ್ದು. ಎರಡು ನಿಮಿಷದಲ್ಲಿ ಮಂಟಪ ಖಾಲಿ. ನಾನಿನ್ನೂ ನಿಂತೇ ಇದ್ದೆ, ಬಸ್ಸು ತಪ್ಪಿಸಿಕೊಂಡವನ ಹಾಗೆ. ಬೋರೇಗೌಡನಿಗಿದ್ದ ಗಂಟಲು ನನಗಿಲ್ಲ. ಗಂಟಲೊಂದೇ ಸಾಲದು ಎಂಬುದೂ ಆಗ ತಿಳಿಯಿತು. ಅವನ ಕಾಲದಲ್ಲಿ ಸಭೆ ಬೈದುಕೊಂಡಾದರೂ ಕೂತು ಕೇಳುತ್ತಿತ್ತು.

ಜಯಮ್ಮ ವೇದಿಕೆಯ ಹತ್ತಿರ ಹೋದಳು. ನಾನೂ ಹಿಂದೆಯೇ ಹೋದೆ.

"ಅಣ್ಣ, ನಂಗೆ ಡಬ್ಬಿ ಬ್ಯಾಡ. ಸಂಜೆ ಬಾಗ್ಲು ತೆಗ್ದಿಡಿ, ಸಾಕು" ಎಂದಳು.

ನಾಯಕರು ಯಾರು ಈಕೆ ಎಂಬಂತೆ ಭಾಮೈದನನ್ನು ನೋಡಿದರು. ಅವರಿಗೆ ಫೋನು ಬಂತು, ಅತ್ತ ತಿರುಗಿದರು. ಕಾರ್ಯದರ್ಶಿ ಕೆಟ್ಟವರಲ್ಲ. ಮೊಬೈಲ್ ಆ್ಯಪ್ ಬಂದಿದೆ, ಮನೆಯಲ್ಲೇ ಕೂತು ಎಲ್ಲಾ ಮಾಡಬಹುದು ಎಂದು ಸಮಾಧಾನವಾಗಿಯೇ ಹೇಳಿದರು.

"ಮೊಬೈಲು ನಮ್ಮನೆಯೋರ ಕೈಲಿರ್ತದೆ ಸಾ. ಅದ್ಕೇ ತಾನೆ ನಾನು ಇಲ್ಲಿಗ್ ಬರೋದು?"

ಕಾರ್ಯದರ್ಶಿ ಕಡತ ಜೋಡಿಸತೊಡಗಿದರು.

ಊಟದ ಸಾಲಿನಲ್ಲಿ ಮೂವರು ನನ್ನ ಕೈ ಕುಲುಕಿದರು. "ಚೆನ್ನಾಗ್ ಕೇಳುದ್ರಿ ಸಾ, ಯಾರಾದ್ರೂ ಕೇಳ್ಬೇಕಿತ್ತು" ಎಂದರು. ಮೂವರ ಕಂಕುಳಲ್ಲೂ ಹಾಟ್ ಬಾಕ್ಸ್. ಹಾಗಾದರೆ ನೀವೇಕೆ ಏಳಲಿಲ್ಲ ಎಂದೆ. ಒಬ್ಬರ ಮಗನಿಗೆ ವರ್ಗಾವಣೆ ಬೇಕು, ನಾಯಕರ ಮಾತು ನಡೆಯುತ್ತದೆ. ಇನ್ನೊಬ್ಬರ ಸಾಲದ ಅರ್ಜಿ ಮೇಜಿನ ಮೇಲಿದೆ. ಮೂರನೆಯವರಿಗೆ ಯಾವ ಕಾರಣವೂ ಇರಲಿಲ್ಲ. "ನಮ್ಗ್ಯಾಕ್ ಬುಡಿ ಸಾ" ಎಂದರು. ಮೊದಲಿನ ಇಬ್ಬರ ಮೇಲೆ ನನಗೆ ಸಿಟ್ಟಿಲ್ಲ. ಭಯವಾದದ್ದು ಈ ಮೂರನೆಯವರನ್ನು ಕಂಡು. ಆಸೆ, ಅಂಜಿಕೆ ಎರಡೂ ಇಲ್ಲದೆ ಸುಮ್ಮನಿರುವವರನ್ನು ಎಬ್ಬಿಸುವುದು ಹೇಗೆ?

ಒಂದನೇ ತಾರೀಖಿನಿಂದ ಸಂಜೆ ಕೌಂಟರ್ ಮುಚ್ಚಿದೆ. ನನ್ನ ಸಂಜೆಯ ವಾಕಿಂಗ್ ಆ ದಾರಿಯಲ್ಲೇ. ಆರು ಗಂಟೆಗೆ ಆ ಕಿಟಕಿಯ ಬೆಳಕು ಬೀದಿಗೆ ಚೆಲ್ಲುತ್ತಿತ್ತು. ಕೆಳಗೆ ಟಿಫನ್ ಕ್ಯಾರಿಯರ್ ಹಿಡಿದ ಸಾಲು, ನಗು, ದಿನವಿಡೀ ದುಡಿದವರ ದೊಡ್ಡ ಗಂಟಲಿನ ಮಾತು. ಅಂಗಡಿ ಮುಚ್ಚಿ ಬರುವ ಬೋರೇಗೌಡ ಅಲ್ಲಿ ಸುಮ್ಮನೆ ಒಂದು ಗಳಿಗೆ ನಿಂತು ನೋಡುತ್ತಿದ್ದ. ತಾನು ರಿಪೇರಿ ಮಾಡಿದ ಪಂಪು ನೀರೆತ್ತುವುದನ್ನು ನೋಡುವಂತೆ. ಈಗ ಅಲ್ಲಿ ಕತ್ತಲೆ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಜಯಮ್ಮ ಸಿಕ್ಕಿದ್ದಳು. ಈಗ ದುಡ್ಡು ಎಲ್ಲಿಡ್ತೀಯಮ್ಮ ಎಂದು ಕೇಳಿದೆ.

"ಮಿಷನ್ ಡ್ರಾದಲ್ಲಿ ಸಾ. ಅವ್ರ ಕಣ್ಣಿಗ್ ಬೀಳೋಗಂಟ ಇರ್ತದೆ." ನಕ್ಕಳು. ಆಮೇಲೆ ಕೇಳಿದಳು: "ಅವತ್ತು ನನ್ ಕೂರ್ಸುದ್ರಲ್ಲ, ಆ ಕುರ್ಚಿಯೋರು ಯಾಕ್ ಬರ್ಲಿಲ್ಲ?"

"ಮುಂದಿನ ಸಲ ಬರ್ತಾರಮ್ಮ" ಎಂದೆ.

ನಾನು ಬ್ಲಫ್ ಎಂಬಲ್ಲಿನ ಜಲವಿದ್ಯುತ್ ಪವರ್ ಹೌಸಿನಲ್ಲಿ ಶಿಫ್ಟ್ ಡ್ಯೂಟಿ ಮಾಡಿ ನಿವೃತ್ತನಾದವನು. ಅಲ್ಲಿ ಒಂದು ನಿಯಮವಿತ್ತು. ನಿಮ್ಮ ಪಾಳಿ ಮುಗಿದರೂ ಮುಂದಿನ ಪಾಳಿಯ ರಿಲೀವರ್ ಬಂದು ಎದುರಿಗೆ ನಿಲ್ಲುವ ತನಕ ಜಾಗ ಬಿಡುವಂತಿಲ್ಲ. ಮಳೆಯಿರಲಿ, ಮನೆಯಲ್ಲಿ ಹಬ್ಬವಿರಲಿ, ಬಿಡುವಂತಿಲ್ಲ. ಒಬ್ಬ ಮನುಷ್ಯ ಎದ್ದುಹೋದ ಜಾಗಕ್ಕೆ ಇನ್ನೊಬ್ಬ ಬಂದೇ ಬರುತ್ತಾನೆ ಎಂಬ ನಂಬಿಕೆಯ ಮೇಲೆ ಇಡೀ ಊರಿನ ದೀಪ ಉರಿಯುತ್ತಿತ್ತು.

ಮುಂದಿನ ವರ್ಷದ ಸಭೆಗೂ ಅರ್ಧ ಗಂಟೆ ಮೊದಲೇ ಹೋಗುತ್ತೇನೆ. ಮೂರನೇ ಸಾಲಿನಲ್ಲಿ ಟವೆಲ್ ಹಾಸಿಡುತ್ತೇನೆ.

ಬೋರೇಗೌಡನ ಪಾಳಿ ಮುಗಿದು ಎರಡು ವರ್ಷವಾಯಿತು. ರಿಲೀವರ್ ನೀವೇ ತಾನೆ?