ಬಲಗಡೆಯ ಕಾಗದ

ಆ ಪತ್ರಿಕೆಯ ಕಚೇರಿಯಲ್ಲಿ ಅವನನ್ನು ಎಲ್ಲರೂ ಕಾಗದದಣ್ಣ ಎಂದೇ ಕರೆಯುತ್ತಿದ್ದರು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು, ಆದರೆ ಆ ಹೆಸರಿನಿಂದ ಯಾರಾದರೂ ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಯಂತ್ರಗಳ ಬಗ್ಗೆ ಬರೆಯುವ ಮಾಸಪತ್ರಿಕೆ ಅದು. ಫ್ಯಾನು, ರೇಡಿಯೊ, ಕ್ಯಾಮೆರಾ, ಮೊಬೈಲು, ಬಟ್ಟೆ ಒಗೆಯುವ ಮೆಷಿನ್ನು, ಮಾರುಕಟ್ಟೆಗೆ ಏನೇ ಬಂದರೂ ತಂದು, ಓಡಿಸಿ ನೋಡಿ, ಐದರಲ್ಲಿ ಇಷ್ಟು ನಕ್ಷತ್ರ ಎಂದು ಬರೆಯುವುದು ಅದರ ಕಸುಬು. ಕಾಗದದಣ್ಣ ಮಾತ್ರ ಜೀವಮಾನದಲ್ಲಿ ಒಂದು ಯಂತ್ರದ ತಿರುಪನ್ನೂ ಬಿಚ್ಚಿದವನಲ್ಲ. ಗೋಡೆ ಗಡಿಯಾರಕ್ಕೆ ಬ್ಯಾಟರಿ ಹಾಕಬೇಕಾದರೂ ಅಕ್ಕನ ಮಗಳೇ ಬರಬೇಕು. ಅವನದು ಓದುಗರ ಕಾಗದಗಳ ಕೆಲಸ. ಇಪ್ಪತ್ತೆಂಟು ವರ್ಷ ಅದೊಂದನ್ನೇ ಮಾಡಿದ.

ಮೂರನೆಯ ಮಹಡಿಯಲ್ಲಿ, ಮೆಟ್ಟಿಲಿಗೆ ತಾಗಿಕೊಂಡು ಅವನ ಮೇಜು. ಬಂದವರು ಹೋದವರೆಲ್ಲ ಮೊಣಕೈ ತಗುಲಿಸಿ ಅದರ ಒಂದು ಮೂಲೆಯ ಬಣ್ಣ ಹೋಗಿತ್ತು. ಇಮೇಲ್ ಬಂದ ಮೇಲೂ ಅವನು ಪ್ರತಿಯೊಂದನ್ನೂ ಮುದ್ರಿಸಿಕೊಂಡು, ತಲೆಯ ಮೇಲೆ ತಾರೀಖು ಬರೆದು, ರಬ್ಬರ್ ಬ್ಯಾಂಡ್ ಸುತ್ತಿ ಇಡುತ್ತಿದ್ದ. ಹೊಸಬರು ನಕ್ಕರೆ, "ಕೈಗೆ ಸಿಗದ ಮಾತನ್ನ ಹೇಗಪ್ಪ ನಂಬೋದು?" ಎನ್ನುತ್ತಿದ್ದ. ಈ ಮಾತನ್ನು ಆಡಿದವನು ಮುಂದೆ ಏನು ಮಾಡಿದ ಎಂಬುದನ್ನು ಹೇಳುವುದಕ್ಕೇ ನಾನು ಕೂತಿರುವುದು.

ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಬೈಗುಳ. 'ಹಿಂಬದಿಯ ಪುಟಕ್ಕೆ ಜಾಹೀರಾತು ಕೊಟ್ಟವರ ಫ್ಯಾನಿಗೇ ನಾಲ್ಕೂವರೆ ನಕ್ಷತ್ರ ಬೀಳುವುದು ಹೇಗೆ ಸ್ವಾಮಿ?' 'ನಿಮ್ಮ ವಿಮರ್ಶಕರು ಆ ಕಂಪನಿಯ ಅಳಿಯನೋ, ಭಾವಮೈದುನನೋ, ತಿಳಿಸಿ.' ಎಲ್ಲರಿಗಿಂತ ಖಾರವಾಗಿ ಬರೆಯುತ್ತಿದ್ದವನು ಒಬ್ಬ ರಿಪೇರಿಯವನು. ಎಲ್ಲೋ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಪತ್ರಿಕೆ ಹೊಗಳಿದ ಯಂತ್ರ ತನ್ನ ಅಂಗಡಿಗೆ ಕೆಟ್ಟು ಬಂದ ದಿನ ಕಾರ್ಡು ಬರೆಯುತ್ತಿದ್ದ, ಅದೂ ಕೆಂಪು ಶಾಯಿಯಲ್ಲಿ. ಬಿಚ್ಚಿ ನೋಡದೆ ಒಂದು ಅಕ್ಷರ ಬರೆದವನಲ್ಲ.

ಓದುಗರ ಪುಟಕ್ಕೆ ಹಿಂದಿನ ಕಾಲದ ಸಂಪಾದಕರು ಒಂದು ನಿಯಮ ಮಾಡಿಟ್ಟು ಹೋಗಿದ್ದರು. ಎಡಗಡೆಯ ಅಂಕಣದಲ್ಲಿ ಬೈದ ಕಾಗದ, ಬಲಗಡೆಯ ಅಂಕಣದಲ್ಲಿ ಮೆಚ್ಚಿದ ಕಾಗದ, ಎರಡೂ ಸರಿಸಮ. ಕಚೇರಿಯಲ್ಲಿ ಆ ಪುಟಕ್ಕೆ ತಕ್ಕಡಿ ಎಂದೇ ಹೆಸರು. ಪಕ್ಷಪಾತ ಎನ್ನುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲವೆಂದು ಎಲ್ಲರೂ ನಂಬಿದ್ದರು. ಮನೆಗೆ ಬೆಂಕಿ ಬಿದ್ದಿದೆ ಎಂದು ಒಬ್ಬ ಕೂಗಿದರೆ, ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ಬಿದ್ದಿಲ್ಲ ಎನ್ನಿಸುವುದು ಯಾವ ಸೀಮೆ ನ್ಯಾಯ ಎಂದು ಯಾರೂ ಕೇಳಲಿಲ್ಲ. ಕಾಗದದಣ್ಣನೂ ಕೇಳಲಿಲ್ಲ.

ಅವನು ಕೆಲಸಕ್ಕೆ ಸೇರಿದ ಒಂಬತ್ತನೆಯ ವರ್ಷ, ಒಂದು ತಿಂಗಳು ಬಲಗಡೆಗೆ ಕಾಗದ ಸಾಲಲಿಲ್ಲ. ಪುಟ ಮೂರು ಗಂಟೆಗೆ ಮುದ್ರಣಕ್ಕೆ ಹೋಗಬೇಕು, ಎರಡೂವರೆಯಾದರೂ ಎಂಟು ಸಾಲಿನಷ್ಟು ಜಾಗ ಬಾಯಿ ಬಿಟ್ಟುಕೊಂಡು ಕೂತಿತ್ತು. ಅವನು ಪೆನ್ನು ತೆಗೆದು ತಾನೇ ಎಂಟು ಸಾಲು ಬರೆದು, ಕೆಳಗೆ 'ಒಬ್ಬ ಹಳೆಯ ಓದುಗ' ಎಂದು ಹಾಕಿದ. ಯಾರಿಗೂ ಗೊತ್ತಾಗಲಿಲ್ಲ. ಮುಂದೆ ಎರಡು ಮೂರು ತಿಂಗಳಿಗೊಮ್ಮೆ ಹಳೆಯ ಓದುಗ ಬರತೊಡಗಿದ. ಬರುಬರುತ್ತಾ ಅವನಿಗೊಂದು ಬದುಕೂ ಬಂತು. ನಿವೃತ್ತ, ನಿಧಾನಸ್ಥ, ಒಂಟಿ ಜೀವ, ಹತ್ತು ಸಲ ಯೋಚಿಸದೆ ಒಂದು ಇಸ್ತ್ರಿಪೆಟ್ಟಿಗೆಯನ್ನೂ ಕೊಳ್ಳದ ಮನುಷ್ಯ. ಸಣ್ಣ ದೋಷಗಳನ್ನು ಮೊದಲು ಹೇಳಿ ಆಮೇಲೆ ಮೆಚ್ಚುತ್ತಿದ್ದ. ಹಾಗಾಗಿ ಜನ ಅವನನ್ನು ವಿಮರ್ಶಕರಿಗಿಂತ ಹೆಚ್ಚು ನಂಬಿದರು. 'ಹಳೆಯ ಓದುಗರು ಏನನ್ನುತ್ತಾರೆ?' ಎಂದು ಕೇಳಿ ಕಾಗದಗಳು ಬಂದವು. ಆ ಕಾಗದಗಳಿಗೆ ಬೇರೆಯೇ ಒಂದು ರಬ್ಬರ್ ಬ್ಯಾಂಡ್ ಇತ್ತು.

ಹಾಗೆ ನಂಬಿದವರಲ್ಲಿ ಒಬ್ಬಳು ಅವನ ಅಕ್ಕ.

ತಾಯಿ ಸತ್ತಾಗ ಅವನಿಗೆ ಐದು ವರ್ಷ, ಅಕ್ಕನಿಗೆ ಹದಿಮೂರು. ಅಂದಿನಿಂದ ತಲೆ ಬಾಚಿದವಳು, ಸ್ಲೇಟು ಹಿಡಿಸಿ ಅಕ್ಷರ ತಿದ್ದಿಸಿದವಳು ಅವಳೇ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಮನೆ ನಡೆಸಿದಳು, ತಮ್ಮನನ್ನು ಓದಿಸಿದಳು, ಗಂಡ ಹೋದ ಮೇಲೆ ಮಗಳನ್ನೂ ಬೆಳೆಸಿದಳು. ತಮ್ಮನ ಪತ್ರಿಕೆ ಎಂದು ಪ್ರತಿ ಸಂಚಿಕೆಯನ್ನೂ ಮೊದಲ ಪುಟದಿಂದ ಕೊನೆಯವರೆಗೆ, ಕೈಯಲ್ಲಿ ಬಟ್ಟೆಗೆ ಗೆರೆ ಹಾಕುವ ಪೆನ್ಸಿಲು ಹಿಡಿದುಕೊಂಡು ಓದುವಳು.

"ನಿನ್ನ ಪತ್ರಿಕೇಲಿ ಎಲ್ಲಾರೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೀತಾರೆ ಕಣೋ," ಎನ್ನುವಳು. "ಈ ಹಳೆಯ ಓದುಗರು ಒಬ್ಬರೇ ನೇರ ಮನುಷ್ಯ. ಅವರ ವಿಳಾಸ ಇದ್ರೆ ಕೊಡೋ, ಒಂದು ಕಾಗದ ಬರೀತೀನಿ."

"ಅವರು ವಿಳಾಸ ಕೊಡಲ್ಲಕ್ಕ."

"ದೊಡ್ಡವರು ಹಾಗೇ ಬಿಡು, ಹೆಸರು ಮುಂದೆ ಮಾಡಲ್ಲ."

ಕಾಗದದಣ್ಣ ತಲೆ ತಗ್ಗಿಸಿ ಟೀ ಕುಡಿಯುತ್ತಿದ್ದ. ನಾಚಿಕೆಯಿಂದ ಎಂದುಕೊಂಡರೆ ಅದು ಅರ್ಧ ಸತ್ಯ. ಉಳಿದರ್ಧ ಖುಷಿ. ಬದುಕಿನಲ್ಲಿ ಅವನ ಬರವಣಿಗೆಯನ್ನು ಬೇರೆ ಯಾರೂ ಹೊಗಳಿರಲಿಲ್ಲ, ಪಾಪ.

ಆಮೇಲೆ ಆ ರಕ್ತದೊತ್ತಡ ನೋಡುವ ಮೆಷಿನ್ನು ಬಂತು. ಮನೆಯಲ್ಲೇ ತೋಳಿಗೆ ಪಟ್ಟಿ ಕಟ್ಟಿಕೊಂಡು ಗುಂಡಿ ಒತ್ತಿದರೆ ಅಂಕಿ ತೋರಿಸುವಂಥದ್ದು. ಪತ್ರಿಕೆ ನಾಲ್ಕು ನಕ್ಷತ್ರ ಕೊಟ್ಟಿತು. ಮುಂದಿನ ತಿಂಗಳೇ ರಿಪೇರಿಯವನ ಕೆಂಪು ಕಾರ್ಡು ಬಂತು. 'ಇಂಥ ಮೂರು ಮೆಷಿನ್ ಬಿಚ್ಚಿ ನೋಡಿದ್ದೇನೆ. ಗಾಳಿಯ ಕೊಳವೆ ಸೇರುವ ಕಡೆ ಸೋರುತ್ತದೆ. ಅಂಕಿ ಇಪ್ಪತ್ತು ಮೂವತ್ತು ಇಳಿಸಿ ತೋರಿಸುತ್ತದೆ. ಕಾಯಿಲೆ ಇದ್ದವರು ಇದನ್ನು ನಂಬಿ ಕೂರಬಾರದು.'

ಕಾಗದದಣ್ಣ ಒಂದಕ್ಷರ ತಿದ್ದದೆ ಅದನ್ನು ಎಡಗಡೆಗೆ ಹಾಕಿದ. ಅಷ್ಟರಮಟ್ಟಿಗೆ ಅವನು ಪ್ರಾಮಾಣಿಕ. ಆದರೆ ಬಲಗಡೆಗೆ? ಆ ಮೆಷಿನ್ನನ್ನು ಮೆಚ್ಚಿ ಯಾರೂ ಬರೆದಿರಲಿಲ್ಲ. ಗಂಟೆ ಎರಡೂ ಮುಕ್ಕಾಲು. ಹತ್ತು ನಿಮಿಷದಲ್ಲಿ ಬರೆದು ಮುಗಿಸಿದ. 'ಎರಡು ತಿಂಗಳಿಂದ ಇದನ್ನೇ ಬಳಸುತ್ತಿದ್ದೇನೆ. ಪಟ್ಟಿ ಸ್ವಲ್ಪ ಬಿಗಿ, ಅದೊಂದು ದೋಷ. ವೈದ್ಯರ ಬಳಿ ತೋರಿಸಿದಾಗ ಅಂಕಿ ತಾಳೆಯಾಯಿತು. ಈಗ ನನಗೆ ನೆಮ್ಮದಿ. ಒಬ್ಬ ಹಳೆಯ ಓದುಗ.' ಆ ಮೆಷಿನ್ನನ್ನು ಅವನು ಕಣ್ಣಾರೆ ನೋಡಿಯೂ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಅಕ್ಕನ ಮನೆಗೆ ಹೋದರೆ, ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಅದೇ ಕೂತಿದೆ. ಡಬ್ಬಿಯ ಮುಚ್ಚಳದ ಒಳಗೆ ಆ ಕಾಗದವನ್ನು ಕತ್ತರಿಸಿ ಅಂಟಿಸಿದ್ದಳು. 'ನೆಮ್ಮದಿ' ಎಂಬ ಮಾತಿನ ಕೆಳಗೆ ಪೆನ್ಸಿಲಿನ ಗೆರೆ.

"ನೋಡು, ನೂರ ಮೂವತ್ತು!" ಎಂದು ಅವನ ಮುಂದೆಯೇ ಪಟ್ಟಿ ಕಟ್ಟಿ ತೋರಿಸಿದಳು. "ಇನ್ನು ಆಸ್ಪತ್ರೇಲಿ ಸಾಲು ನಿಲ್ಲೋ ಕರ್ಮ ತಪ್ಪಿತು. ಮಾತ್ರೇನೂ ಅರ್ಧ ಮಾಡಿದೀನಿ."

"ಅಕ್ಕ, ಅದೇ ಪುಟದಲ್ಲಿ ಆ ರಿಪೇರಿಯವರು ಬರೆದದ್ದು ಓದಿದ್ಯಾ?"

"ಓದಿದೆ. ಆ ಮನುಷ್ಯನಿಗೆ ಎಲ್ಲದರಲ್ಲೂ ಹುಳುಕೇ ಕಾಣೋದು. ಹಳೆಯ ಓದುಗರು ಅಷ್ಟು ನಿಧಾನವಾಗಿ ಹೇಳಿದಾರಲ್ಲ."

"ಆದ್ರೂ ಒಂದ್ಸಲ ಆಸ್ಪತ್ರೇಲಿ ತೋರಿಸಿಬಿಡಕ್ಕ."

"ಹೋಗೋ, ಗಡಿಯಾರಕ್ಕೆ ಬ್ಯಾಟರಿ ಹಾಕೋಕೆ ಬರದವನು ನನಗೆ ಮೆಷಿನ್ ಪಾಠ ಹೇಳ್ತಾನೆ!" ಎಂದು ಅಕ್ಕ ನಕ್ಕಳು, ಅಡುಗೆಮನೆಯಿಂದ ಮಗಳೂ ನಕ್ಕಳು.

ಅಲ್ಲಿ, ಆ ಘಳಿಗೆಯಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ನಾನಕ್ಕ ಎಂದಿದ್ದರೆ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಮುಂದಿನ ಭಾನುವಾರ ಹೇಳೋಣ, ಇಷ್ಟು ನಗುತ್ತಿರುವಾಗ ಬೇಡ ಎಂದುಕೊಂಡ. ಮುಂದಿನ ಭಾನುವಾರ ಅವಳಿಗೆ ಹೊಲಿಗೆಯ ಅವಸರವಿತ್ತು. ಅದರ ಮುಂದಿನ ಭಾನುವಾರ ಅವನೇ ಹೋಗಲಿಲ್ಲ. ಆ ವಾರ ಬುಧವಾರ ಬೆಳಿಗ್ಗೆ ಅಕ್ಕ ಹೊಲಿಯುತ್ತಾ ಹೊಲಿಯುತ್ತಾ ಪಕ್ಕಕ್ಕೆ ವಾಲಿ ಬಿದ್ದಳು.

ಲಕ್ವ ಎಂದರು ಆಸ್ಪತ್ರೆಯಲ್ಲಿ. ಜೀವ ಉಳಿಯಿತು. ಬರೆಯುವ ಕೈ, ಅದೇ ಬದಿಯ ಕಾಲು ಹೋದವು. ಮಾತು ಚೂರುಚೂರಾಗಿ, ಒಂದೊಂದಾಗಿ ಹೆಕ್ಕಿ ಆಡುವಂತಾಯಿತು. ಮಗಳು ತಂದು ತೋರಿಸಿದ ಮೆಷಿನ್ನನ್ನು ಡಾಕ್ಟರು ತಮ್ಮದರ ಪಕ್ಕ ಇಟ್ಟು ನೋಡಿ, "ಮೂವತ್ತೈದು ಕಮ್ಮಿ ತೋರಿಸ್ತಿದೆ. ಇದನ್ನ ಯಾರು ತಗೊಳ್ಳಿ ಅಂದದ್ದು?" ಎಂದರು. ಕಾಗದದಣ್ಣ ಗೋಡೆಗೆ ಒರಗಿ ನಿಂತಿದ್ದ. ಕಾವಲಿಗೆ ಇದ್ದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದೂ ತನ್ನ ಸ್ವಂತ ಹೊಲ.

ಮನೆಗೆ ಕರೆತಂದ ಎರಡನೆಯ ವಾರ ಅಕ್ಕ ಅವನನ್ನು ಹತ್ತಿರ ಕರೆದಳು. "ಪೆನ್ನು ತಗೋ... ಕಾಗದ ಬರಿ."

"ಯಾರಿಗಕ್ಕ?"

"ಹಳೆಯ... ಓದುಗರಿಗೆ."

ಅಕ್ಕ ಕಷ್ಟಪಟ್ಟು ಮಾತು ಕೂಡಿಸಿದಳು. "ಅವರ ಹತ್ರಾನೂ ಅದೇ ಮೆಷಿನ್ನು ಇದೆ ಕಣೋ. ವಯಸ್ಸಾದವರು. ಒಬ್ಬರೇ. ನನಗಾದ್ರೆ ನೀವಿದ್ರಿ. ಅವರು ಬಿದ್ರೆ... ಎತ್ತೋರು ಯಾರು?"

ಅವನು ಬರೆಯತೊಡಗಿದ. ಬೇರೇನು ಮಾಡಬೇಕೆಂದು ತೋಚಲಿಲ್ಲ. ಅವಳು ಒಂದೊಂದು ಮಾತು ಹೇಳಿ, ಉಸಿರು ತೆಗೆದುಕೊಂಡು, ಇನ್ನೊಂದು ಹೇಳುವಳು. ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ನೀವು ಸುಳ್ಳು ಹೇಳುವವರಲ್ಲ. ಮೆಷಿನ್ನು ನಿಮಗೂ ಮೋಸ ಮಾಡಿದೆ. ದಯವಿಟ್ಟು ಇವತ್ತೇ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಿ.

"ಬರೆದ್ಯಾ? ಇವತ್ತೇ ಹಾಕು. ತಡ ಮಾಡಬೇಡ."

"ಅಕ್ಕ," ಎಂದ ಅವನು. ಕಾಗದದ ಮೇಲೆ ಕಣ್ಣೀರು ಬಿದ್ದು ಶಾಯಿ ಹರಡಿತ್ತು. "ಅಂಥವರು ಯಾರೂ ಇಲ್ಲಕ್ಕ. ಬರೀತಿದ್ದದ್ದು ನಾನು. ಎಲ್ಲಾನೂ ನಾನೇ."

ಅವಳಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದ. ಜಾಗ ತುಂಬಿಸೋಕೆ ಬರೆದೆ, ಆ ಮೆಷಿನ್ನನ್ನ ನೋಡೇ ಇರಲಿಲ್ಲ ಎಂದ. ಅಕ್ಕ ಅವನ ಮುಖ ನೋಡಿದಳು. ಬೈದಿದ್ದರೆ, ಉಳಿದ ಕೈಯಲ್ಲಿ ಹೊಡೆದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಅವತ್ತು ಭಾನುವಾರ..." ಎಂದಳು. "ನಿನ್ನ ಮುಂದೇನೇ... ಕಟ್ಟಿ ತೋರಿಸ್ದೆನಲ್ಲೋ."

ಅವನು ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡ, ಅವಳು ಕಣ್ಣು ಮುಚ್ಚಿಕೊಂಡಳು.

ಮರುದಿನ ಅವನು ಹತ್ತೊಂಬತ್ತು ವರ್ಷದ ಸುಳ್ಳನ್ನೆಲ್ಲ, ಅಕ್ಕನಿಗೆ ಆದದ್ದನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದು ಸಂಪಾದಕರ ಮುಂದೆ ಇಟ್ಟ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಎಡಗಡೆಗೆ ಹಾಕೋಣ. ಬಲಗಡೆಗೆ ಏನು ಹಾಕ್ತೀಯ?" ಎಂದರು. ಅಭ್ಯಾಸಬಲ ನೋಡಿ.

"ಖಾಲಿ ಬಿಡಿ ಸಾರ್," ಎಂದ ಕಾಗದದಣ್ಣ.

ಹಾಗೆಯೇ ಅಚ್ಚಾಯಿತು. ಆ ತಿಂಗಳು ಬಂದಷ್ಟು ಕಾಗದ ಎಂದೂ ಬಂದಿರಲಿಲ್ಲ. ಇನ್ನು ನಿಮ್ಮ ಒಂದು ನಕ್ಷತ್ರವನ್ನೂ ನಂಬುವುದಿಲ್ಲ ಎಂದರು ಅರ್ಧ ಜನ. ಉಳಿದರ್ಧ ಜನ ಆ ತಪ್ಪೊಪ್ಪಿಗೆಯನ್ನೇ ನಂಬಲಿಲ್ಲ. ಹಳೆಯ ಓದುಗರು ಯಾವುದೋ ಕಂಪನಿಯ ವಿರುದ್ಧ ಬರೆದಿರಬೇಕು, ಅದಕ್ಕೇ ಅವರೇ ಇಲ್ಲವೆಂದು ಹೇಳಿಸುತ್ತಿದ್ದೀರಿ ಎಂದು ಜಗಳಕ್ಕೆ ಬಂದರು. ರಿಪೇರಿಯವನದು ಒಂದು ಕಾರ್ಡು. ಈ ಸಲ ನೀಲಿ ಶಾಯಿ. 'ನನ್ನ ಮಾತನ್ನು ಅಚ್ಚು ಹಾಕಿದಿರಿ, ಪಕ್ಕದಲ್ಲೇ ಅದರ ಕತ್ತು ಹಿಸುಕಿದಿರಿ. ಇರಲಿ. ನಿಮ್ಮ ಅಕ್ಕ ಹೇಗಿದ್ದಾರೆ?' ಅದನ್ನು ಓದಿ ಕಾಗದದಣ್ಣ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಆ ವಾರವೇ ಕೆಲಸ ಬಿಟ್ಟ.

ಈಗ ಅವನು ದಿನವೂ ಬೆಳಿಗ್ಗೆಯೇ ಅಕ್ಕನ ಮನೆಗೆ ಬರುತ್ತಾನೆ. ಕಾಲು ತಿಕ್ಕುತ್ತಾನೆ, ಎತ್ತಿ ಕೂರಿಸುತ್ತಾನೆ, ಚಮಚದಲ್ಲಿ ಗಂಜಿ ಕುಡಿಸುತ್ತಾನೆ. ಅಕ್ಕ ಬೇಡವೆನ್ನುವುದಿಲ್ಲ. ಆ ವಿಷಯ ಮತ್ತೆ ಎತ್ತಲೂ ಇಲ್ಲ. ಊಟವಾಯಿತೇನೋ ಎಂದು ಮೊದಲಿನ ಹಾಗೆಯೇ ಕೇಳುತ್ತಾಳೆ. ಹೊರಗಿನವರು ನೋಡಿದರೆ ಎಲ್ಲ ಸರಿಹೋಯಿತು ಎನ್ನುತ್ತಾರೆ.

ಮೊನ್ನೆ ಮಧ್ಯಾಹ್ನ ಕಿಟಕಿಯಾಚೆ ಹನಿ ಬೀಳತೊಡಗಿತು. ಅಕ್ಕನ ಹಾಸಿಗೆಯಿಂದ ಕಿಟಕಿ ಕಾಣುವುದಿಲ್ಲ.

"ಅಕ್ಕ, ಮಳೆ ಬಂತು," ಎಂದ ಕಾಗದದಣ್ಣ.

ಅಕ್ಕ ಅವನನ್ನು ಒಮ್ಮೆ ನೋಡಿದಳು. ಆಮೇಲೆ ಮುಖವನ್ನು ಮೆಲ್ಲಗೆ ಅಡುಗೆಮನೆಯ ಕಡೆ ಹೊರಳಿಸಿ ಮಗಳನ್ನು ಕರೆದಳು. "ಮಳೆ... ಬರ್ತಿದ್ಯೇನೇ?"

ಮಗಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕಿಟಕಿಗೆ ಬಂದು ಹೊರಗೆ ನೋಡಿದಳು. "ಹೌದಮ್ಮ, ಬರ್ತಿದೆ."

"ಹಾಗಾದ್ರೆ... ಬಟ್ಟೆ ಒಳಗೆ ತಗೊಳ್ಳಿ," ಎಂದಳು ಅಕ್ಕ.

ಕಾಗದದಣ್ಣನೇ ಎದ್ದು ಹೋಗಿ ಹಗ್ಗದ ಮೇಲಿದ್ದ ಬಟ್ಟೆಗಳನ್ನೆಲ್ಲ ಒಳಗೆ ತಂದ.