ಕೈ ಸುಡದ ಆಸಿಡ್

ಮೇಸ್ತ್ರಿಗೆ ಕಾರ್ಖಾನೆಯಲ್ಲಿ ಅಡ್ಡಹೆಸರು 'ಗಟ್ಟಿಚರ್ಮ'. ನೂಲಿನ ಗಿರಣಿಯ ಹತ್ತಿಕಸವನ್ನು ಆಸಿಡ್ ನೀರಲ್ಲಿ ಬೇಯಿಸಿ ಸಕ್ಕರೆಪಾಕ ಮಾಡುವುದು, ಆ ಪಾಕದಿಂದ ಪ್ಲಾಸ್ಟಿಕ್ಕಿಗೆ ಬೇಕಾದ ರಾಸಾಯನಿಕ ತೆಗೆಯುವುದು ಅಲ್ಲಿಯ ಕೆಲಸ. ಹಂಡೆಗೆ ಆಸಿಡ್ ಸುರಿಯುವವರು ಇವರು. ಮೊಣಕೈವರೆಗೂ ಸುಟ್ಟ ಕಲೆಗಳು. ಮಾಲೀಕ ಕೈಗವಸು ಕೊಡಿಸುವ ಬದಲು ವರ್ಷ ವರ್ಷವೂ ಇವರ ಗಟ್ಟಿತನವನ್ನು ಹೊಗಳಿದ. ಹೊಗಳಿಕೆ ಅಗ್ಗ, ಆದರೆ ಅದನ್ನು ಕೈಗೆ ತೊಡಲು ಬರುವುದಿಲ್ಲ.

ಮಗಳು ಓದಿ ಅದೇ ಕಾರ್ಖಾನೆಯ ಲ್ಯಾಬಿಗೆ ಬಂದಳು. ಒಂದು ದಿನ ಅಪ್ಪನ ಮುಂದೆ ಬಟ್ಟಲೊಂದನ್ನು ಇಟ್ಟಳು. ಒಳಗೆ ಸಾಸಿವೆಯಂಥ ಕಪ್ಪು ಕಾಳು.

"ಇದೂ ಆಸಿಡ್ಡೇ ಅಪ್ಪಾ. ಹುಳಿಯೆಲ್ಲ ಕಾಳಿಗೇ ಅಂಟಿಕೊಂಡಿರುತ್ತೆ. ನೀರಲ್ಲಿ ಕರಗಲ್ಲ, ಕೈ ಸುಡಲ್ಲ, ಆದ್ರೂ ಹತ್ತಿಯನ್ನ ಮುರಿದು ಸಕ್ಕರೆ ಮಾಡುತ್ತೆ. ಆಮೇಲೆ ಸೋಸಿ, ತೊಳೆದು, ಮತ್ತೆ ಹಾಕಬಹುದು. ಹುಳಿ ಮುರಿಯೋಕೆ ಸುಣ್ಣ ಬೇಡ, ಕಾರ್ಖಾನೆ ಹಿಂದುಗಡೆ ಆ ಸುಣ್ಣದ ಕೆಸರಿನ ಗುಡ್ಡವೂ ಬೇಡ."

"ಸುಡದ ಆಸಿಡ್ಡು, ಖಾರ ಇಲ್ಲದ ಮೆಣಸಿನಕಾಯಿ. ಎರಡೂ ದಂಡ."

"ಬೊಗಳೋ ನಾಯಿ ಕಚ್ಚಲ್ಲ ಅಂತೀಯಲ್ಲ? ಇದು ಬೊಗಳದೆ ಕಚ್ಚೋದು."

'ಮೇಸ್ತ್ರಿ ಒಪ್ಪಿದರೆ ಆಸಿಡ್ ಡ್ರಮ್ಮುಗಳನ್ನು ತೆಗೆಸೋಣ, ಇಲ್ಲದಿದ್ದರೆ ಇಲ್ಲ' ಎಂದು ಮಾಲೀಕ ಜಾರಿಕೊಂಡ. ಕಾಳು ಹಾಕಿ ಬೇಯಿಸಿದ ಮೊದಲ ಹಂಡೆಯಲ್ಲೇ ಪಾಕ ಚೆನ್ನಾಗಿ ಬಂತು. ಮೇಸ್ತ್ರಿ ಮಾತ್ರ ಹೂಂ ಅನ್ನಲಿಲ್ಲ.

ಊಟಕ್ಕೆ ಕೂತಾಗ ಮಗಳು ಕೇಳಿದಳು, "ಪಾಕ ಬಂತಲ್ಲ, ಇನ್ನೇನು ಅಡ್ಡಿ?"

ಅವರು ತಟ್ಟೆಯ ಪಕ್ಕದಲ್ಲಿದ್ದ ತಮ್ಮ ಎಡಗೈಯನ್ನೇ ನೋಡಿಕೊಂಡರು. "ಇದು ಸರಿ ಅಂತಾದ್ರೆ, ನಾನು ಇಷ್ಟು ಕಾಲ ಸುಟ್ಟುಕೊಂಡಿದ್ದು ಯಾವ ಪುರುಷಾರ್ಥಕ್ಕಮ್ಮ?"

"ಅದನ್ನ ಮಾಲೀಕರನ್ನ ಕೇಳು, ಕಾಳನ್ನಲ್ಲ. ನಿನ್ನ ಕೈ ನೋಡ್ತಾನೇ ಬೆಳೆದವಳು ನಾನು. ಅದಕ್ಕೇ ಇದರ ಬೆನ್ನು ಹತ್ತಿದ್ದು."

ಮರುದಿನ ಮೇಸ್ತ್ರಿ ಒಮ್ಮೆ ಬೆಂದ ಕಾಳನ್ನೇ ತಾವೇ ಸೋಸಿದರು, ತೊಳೆದರು, ಒಣಗಿಸಿ ಮತ್ತೆ ಹಂಡೆಗೆ ಹಾಕಿ ಮುಚ್ಚಳ ಬಿಗಿದರು. ಇಳಿದ ಪಾಕ ಲ್ಯಾಬಿನ ಅಳತೆಯಲ್ಲಿ ಮೊದಲಿನದಕ್ಕೆ ಕೂದಲೆಳೆಯಷ್ಟೇ ಕಡಿಮೆ. ಕೈ ಒರೆಸಿಕೊಂಡು ನೇರ ಮಾಲೀಕನ ಕೋಣೆಗೆ ನಡೆದರು.

"ಡ್ರಮ್ ತೆಗೆಸಿ ಸಾರ್. ಆದ್ರೆ ಎತ್ತೋವರಿಗೆ ಮೊದಲು ಕೈಗವಸು ತರಿಸಿ. ಅಲ್ಲೀವರೆಗೂ ಒಬ್ಬರೂ ಮುಟ್ಟಲ್ಲ."

ಮಾಲೀಕ ನಕ್ಕ. "ನಿಮ್ಮದು ಗಟ್ಟಿಚರ್ಮ ಅಲ್ವಾ ಮೇಸ್ತ್ರಿ?"

"ಚರ್ಮ ಎಲ್ಲರದೂ ಒಂದೇ ಸಾರ್. ನಾನು ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ."

ಅಂದೇ ಸಂಜೆಯೊಳಗೆ ಕೈಗವಸು ಬಂದವು. ಅಷ್ಟು ವರ್ಷ ಸಿಗದಿದ್ದುದು ಸಿಕ್ಕಿದ್ದು ಎದುರು ಬೀದಿಯ ಅಂಗಡಿಯಲ್ಲಿ. ಡ್ರಮ್ಮುಗಳು ಗೇಟು ದಾಟಿದ ಮೇಲೆ ಮೇಸ್ತ್ರಿ ಜರಡಿ ಹಿಡಿದು ನಿಂತರು.

"ನಿಧಾನ ಕಣ್ರೋ, ಒಂದು ಕಾಳೂ ಚೆಲ್ಲಬಾರದು. ನನ್ನ ಮಗಳು ಮಾಡಿದ್ದು."