ಎಡಕ್ಕೆ ತಿರುಗದ ಜೀಪು

ಸಂತೆಯಲ್ಲಿ ಬದನೆಕಾಯಿ ಕೊಂಡರೂ ನಾನು ಒಂದನ್ನು ಮುರಿದು, ಹುಳ ಇಲ್ಲವೆಂದು ನೋಡಿಯೇ ಚೀಲಕ್ಕೆ ಹಾಕುವವಳು. ಓದಿದ್ದು ಎರಡನೇ ಇಯತ್ತೆ. ಮಂದಿಯ ಮಾತು ನಂಬಿ ಕೆಟ್ಟವರನ್ನು ಮಾತ್ರ ಬಹಳ ನೋಡಿದ್ದೆ.

ಎಂಬತ್ತನೇ ಇಸವಿಯ ಆಚೀಚೆ, ಕಾಲುವೆ ನೀರಿನಿಂದ ಪೋತ್ನಾಳದ ಕಡೆ ನೆಲ್ಲು ಹೆಚ್ಚಾದಾಗ, ಮಾನ್ವಿಯಲ್ಲಿ ನಾನು ಹೆಣ್ಣಾಳುಗಳ ಗುಂಪು ಕಟ್ಟಿದ್ದೆ. ಹದಿನಾಲ್ಕು ಮಂದಿ. ನೆಲ್ಲು ಹಚ್ಚುವುದಕ್ಕೆ, ಅಂದರೆ ಸಸಿ ನಾಟಿಗೆ, ಅವರನ್ನು ಗದ್ದೆಗೆ ಒಯ್ಯಲು ದೇವದುರ್ಗದ ಗುತ್ತಿಗೆದಾರನೊಬ್ಬನಿಂದ ಹಳೆಯ ಜೀಪು ತಂದೆವು. ಓಡಿಸುವವನು ನನ್ನ ತಮ್ಮ. ಮಾರುವಾಗ ಗುತ್ತಿಗೆದಾರ, “ಕುದುರಿ ಇದ್ದಂಗದ” ಅಂದಿದ್ದ. ಕುದುರೆಯೇ ಸರಿ. ಮುಂದಿನ ಗಾಲಿ ತಗ್ಗಿಗೆ ಬಿದ್ದರೆ ಸಾಕು, ಸ್ಟೇರಿಂಗು ಗಡಗಡ ನಡುಗಿ ತಮ್ಮನ ಕೈಯನ್ನೇ ಝಾಡಿಸುತ್ತಿತ್ತು. ದಾರಿಯ ಮಗ್ಗುಲಿಗೇ ಕಾಲುವೆ. ಆ ಹೆಂಗಸರ ಮನೆಯವರು ನನ್ನ ಮಾತಿನ ಮೇಲೆ ಅವರನ್ನು ಕಳಿಸುತ್ತಿದ್ದರು. ಒಬ್ಬಳು ನೀರಿಗೆ ಬಿದ್ದರೂ ನಾನು ಓಣಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಜೀಪನ್ನು ರಾಯಚೂರಿನ ಗ್ಯಾರೇಜಿಗೆ ಒಯ್ದೆವು. ಮೇಸ್ತ್ರಿ ವಯಸ್ಸಾದ ಸಾಬರು. ಮೊದಲು ಬೇರಿಂಗ್ ಬದಲಿಸಿದರು, ನಡುಕ ಅರ್ಧ ಹೋಯಿತು. ಮತ್ತೆ ಹೋದಾಗ ಹೊಸ ಮಾತು ತೆಗೆದರು.

“ಸ್ಟೇರಿಂಗಿಗೆ ಒಂದು ಶಾಕ್ ಹಾಕಬೇಕಮ್ಮಾ. ಉಳಿದ ನಡುಕ ಅದು ನುಂಗತದ.”

“ಮೊದಲ ಯಾಕ ಹೇಳಲಿಲ್ರಿ ಸಾಬರ? ದಿನಕ್ಕೊಂದು ರೋಗ ಹೇಳತೀರೇನು?”

“ಅರೆ, ಹೊಟ್ಟಿ ನೋವು ಅಂತ ಬಂದವರದು ಮೊದಲ ದಿನಾನ ಹೊಟ್ಟಿ ಕೊಯ್ತಾರೇನಮ್ಮಾ?”

ತಮ್ಮ ನಕ್ಕ. ನಾನು ನಗಲಿಲ್ಲ.

ಸಾಬರು ಎರಡು ಶಾಕ್ ತಂದು ಗೋಣಿತಟ್ಟಿನ ಮೇಲೆ ಇಟ್ಟರು. ಮೊಳದುದ್ದದ ಕಬ್ಬಿಣದ ಕೊಳವೆ, ಅದರೊಳಗೆ ಹೋಗಿ ಬರುವ ಒಂದು ಸಲಾಕಿ, ಒಳಗೆ ಎಣ್ಣೆ. ಒಂದು ತುದಿ ಗಾಡಿಯ ಅಡಿಯ ಚೌಕಟ್ಟಾದ ಚಾಸಿಗೆ, ಇನ್ನೊಂದು ತುದಿ ಗಾಲಿ ತಿರುಗಿಸುವ ಅಡ್ಡ ಸಲಾಕಿಗೆ ಬಿಗಿಯುತ್ತಾರಂತೆ. ನಾನು ಎರಡನ್ನೂ ನೆಲಕ್ಕೆ ಊರಿ ಒತ್ತಿ ನೋಡಿದೆ. ಉದ್ದದ್ದು ನಿಧಾನವಾಗಿ ಒಳಗಿಳಿಯಿತು. ಗಿಡ್ಡದ್ದು ಮೈಭಾರ ಹಾಕಿದರೂ ಜಗ್ಗಲಿಲ್ಲ.

“ಉದ್ದಂದು ನಿಮ್ಮ ಗಾಡೀದು” ಅಂದರು ಸಾಬರು. “ಇನ್ನೊಂದು ನಿಮಗ ಗಿಡ್ಡ ಆಗತದ.”

“ಮೆತ್ತಂದು ನನಗ ಹಚ್ಚಿ, ಗಟ್ಟೀದು ಯಾರಿಗಿ ತಗದಿಟ್ಟೀರಿ?”

“ಯಾರಿಗೂ ಇಟ್ಟಿಲ್ಲಮ್ಮಾ.”

“ಹಂಗಾದರ ಅದನ್ನ ಹಾಕ್ರಿ.”

ಅವರು ನನ್ನ ತಮ್ಮನ ಮುಖ ನೋಡಿದರು. ಅವನು ಆಕಾಶ ನೋಡಿದ. ಸಾಬರು ಗಿಡ್ಡದ್ದನ್ನೇ ಎತ್ತಿಕೊಂಡು ಜೀಪಿನ ಕೆಳಗೆ ಮಲಗಿದರು. ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಬಿಚ್ಚಿದ ನಟ್ಟು ಬೋಲ್ಟಿನ ಮೇಲೆ ಕಣ್ಣಿಟ್ಟೆ. ನಮ್ಮದು ಇಟ್ಟುಕೊಂಡು ಸವೆದದ್ದು ಹಾಕಿಯಾರು ಎಂಬ ಗುಮಾನಿ.

ಅಷ್ಟರಲ್ಲಿ ಆಜಾನ್ ಕೇಳಿಸಿತು. ಶಾಕ್ ಬಿಗಿದಾಗಿತ್ತು. ಸಾಬರು ಕೈ ಒರೆಸಿಕೊಂಡು ಎದ್ದರು. “ನಮಾಜ್ ಮುಗಿಸಿ ಬರ್ತೀನಿ, ಇಲ್ಲೇ ಇರ್ರಿ. ಸ್ಟೇರಿಂಗ್ ಎರಡೂ ಕಡಿ ಪೂರಾ ತಿರಗಿಸಿ ನೋಡಬೇಕು. ಗಿಡ್ಡ ಅದ, ಎಲ್ಯಾರ ಸಿಕ್ಕಿ ಹಿಡೀತದ.”

ಬಂದು ಇನ್ನೊಂದು ರೋಗ ಹುಡುಕುತ್ತಾರೆ ಎಂದುಕೊಂಡೆ. “ಲೇ, ಏರು” ಅಂದೆ ತಮ್ಮನಿಗೆ. “ಹಣಮಪ್ಪನ ಗುಡಿಗಿ ನಡಿ.”

ನಮ್ಮಲ್ಲಿ ಗಾಡಿಗೆ ಹೊಸ ಸಾಮಾನು ಕೂಡಿಸಿದರೆ ಮೊದಲು ಗುಡಿ ಸುತ್ತಿಸಬೇಕು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಮೂರು ಸುತ್ತು ಹಾಕಿಸಿದೆ. ಒಂದಿಷ್ಟೂ ನಡುಕವಿಲ್ಲ. “ಬೆಣ್ಣಿ ಆಗ್ಯದ ನೋಡು ಯಕ್ಕಾ” ಅಂದ ತಮ್ಮ. ನೆಟ್ಟಗೆ ಮಾನ್ವಿಯ ದಾರಿ ಹಿಡಿದೆವು.

ಮಾರನೆಯ ದಿನವೇ ಹೆಂಗಸರನ್ನು ಹಿಂದೆ ತುಂಬಿಕೊಂಡು, ನಾನು ಮುಂದೆ ತಮ್ಮನ ಪಕ್ಕ ಕೂತು, ಪೋತ್ನಾಳದ ಆಚೆ ಕಾಲುವೆಯ ಏರಿಯ ಮೇಲೆ ಹೋಗುತ್ತಿದ್ದೆವು. ನೀರು ಬಲಕ್ಕೆ. ಗದ್ದೆಗೆ ಇಳಿಯುವ ಮುಂಚೆ ಕಾಲುವೆಯೂ ಏರಿಯೂ ಎಡಕ್ಕೆ ಕಡಿದಾಗಿ ತಿರುಗುತ್ತವೆ. ತಮ್ಮ ತಿರುಗಿಸಿದ. ಸ್ಟೇರಿಂಗು ಅರ್ಧಕ್ಕೇ ಟಕ್ಕೆಂದು ನಿಂತಿತು. ಬ್ರೇಕು ಒತ್ತುವಷ್ಟರಲ್ಲಿ ಮುಂದಿನ ಬಲಗಾಲಿ ಏರಿಯ ಅಂಚು ದಾಟಿ ಗಾಳಿಯಲ್ಲಿತ್ತು.

“ಹಿಂದಕ ಇಳೀರಿ! ಒಬ್ಬೊಬ್ಬರ ಇಳೀರಿ!” ಎಂದು ಕೂಗಿದೆ. ಅವರು ಒಬ್ಬೊಬ್ಬರಾಗಿ ಇಳಿಯಲಿಲ್ಲ, ಒಬ್ಬರ ಮೇಲೊಬ್ಬರು ಬಿದ್ದರು. ಯಾರಿಗೂ ಹೆಚ್ಚಿನ ಪೆಟ್ಟಾಗಲಿಲ್ಲ. ಜೀಪನ್ನು ಹಿಂದಕ್ಕೆ ಜಗ್ಗಿದವರೂ ಅವರೇ. ಆದರೆ ಮತ್ತೆ ಹತ್ತಲಿಲ್ಲ. ಅವರಲ್ಲಿ ಬಾಯಿ ಜೋರಿನವಳೊಬ್ಬಳು ಸೆರಗು ಬಿಗಿದು ಅಂದಳು:

“ನೆಲ್ಲು ಹಚ್ಚಾಕ ಕರ್ಕೊಂಡು ಬಂದೀಯೋ, ನಮ್ಮನ್ನ ನೀರಾಗ ಹಚ್ಚಾಕೋ?”

ಎಲ್ಲರೂ ನಡೆದೇ ಹೋದರು. ಹಿಂದೆ ನಾನೂ ನಡೆದೆ.

ಮರುದಿನ ಗ್ಯಾರೇಜಿಗೆ ಜಗಳಕ್ಕೇ ಹೋದೆ. ಸಾಬರು ನನಗೆ ಜೀಪಿನ ಕೆಳಗೆ ಬಗ್ಗಿ ನೋಡಲು ಹೇಳಿ, ತಾವು ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರು. ಶಾಕಿನ ಸಲಾಕಿ ಇರುವಷ್ಟೂ ಹೊರಗೆ ಬಂದು ನಿಂತಿತು. ಅದರಾಚೆ ಗಾಲಿ ತಿರುಗಲೊಲ್ಲದು.

“ಇಲ್ಲಿಂದ ಹೋದಾಗ ತಿರಗಿಸಿ ನೋಡಿದ್ರೇನು?”

“ಗುಡಿ ಸುತ್ತಿಸಿದ್ವಿ. ಮೂರು ಸುತ್ತು.”

“ಯಾವ ಕಡಿ?”

ದೇವರನ್ನು ಎಡಕ್ಕೆ ಯಾರು ಸುತ್ತುತ್ತಾರೆ? ಮೂರೂ ಸುತ್ತು ಬಲಕ್ಕೇ ಹಾಕಿದ್ದೆವು. ನಟ್ಟಿನ ಮೇಲೆ ಗುಮಾನಿ, ಬೋಲ್ಟಿನ ಮೇಲೆ ಗುಮಾನಿ, ಸಾಬರ ನಮಾಜಿನ ಮೇಲೂ ಗುಮಾನಿಪಟ್ಟವಳು, ನನ್ನ ಆ ಮೂರು ಸುತ್ತಿನ ಮೇಲೆ ಪಟ್ಟಿರಲಿಲ್ಲ.

ಸಾಬರು ಉದ್ದದ್ದನ್ನು ಕೂಡಿಸಿದರು. ಈ ಸಲ ನಾನೇ ಕೆಳಗೆ ಮಲಗಿ, ಎಡಕ್ಕೂ ಬಲಕ್ಕೂ ಹತ್ತು ಸಲ ತಿರುಗಿಸಲು ತಮ್ಮನಿಗೆ ಹಚ್ಚಿದೆ. “ಇನ್ನೂ ನಂಬಿಕಿ ಬರಲಿಲ್ಲೇನಮ್ಮಾ?” ಅಂದರು ಸಾಬರು. “ಇಲ್ರಿ” ಅಂದೆ.

ಮಾನ್ವಿಗೆ ಬಂದು, ಹೆಂಗಸರನ್ನು ಬಯಲಿಗೆ ಕರೆದು, ಅವರೆದುರು ತಮ್ಮನಿಗೆ ಎಡಕ್ಕೆ ಸುತ್ತು ಹಾಕಲು ಹೇಳಿದೆ. ಒಬ್ಬಿಬ್ಬರು ಮುಖ ತಿರುಗಿಸಿದರು. ಎಡಸುತ್ತು ಹೆಣದ ಸುತ್ತಲಿನದು, ಅಪಶಕುನ. ಸುತ್ತು ಮುಗಿದರೂ ಯಾರೂ ಹತ್ತಲಿಲ್ಲ.

ಬಾಯಿ ಜೋರಿನವಳು ಜೀಪಿನ ಮುಂದಿನ ಸೀಟಿನತ್ತ ಕೈ ಮಾಡಿದಳು. “ಅಲ್ಲಿ ಕುಂತಾಕಿ ಜಿಗದು ಉಳೀತಾಳ. ನಾವು ಹಿಂದ ಕುರಿ ತುಂಬಿದಂಗ ತುಂಬಿರ್ತೀವಿ. ನೀ ಹಿಂದ ನಮ್ಮ ನಡುವ ಕುಂದ್ರು, ಅದೂ ಒಳಗಿನ ಮೂಲ್ಯಾಗ. ಹಂಗಾದರ ಬರ್ತೀವಿ.”

ಅವಳು ನನ್ನನ್ನು ನಂಬಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಸೀರೆ ಎತ್ತಿಕಟ್ಟಿ ಹಿಂದಿನಿಂದ ಹತ್ತಿ, ಎಲ್ಲರಿಗಿಂತ ಒಳಗಿನ ಮೂಲೆಗೆ ಹೋಗಿ ಕೂತೆ. ಅವಳು ನನ್ನ ಮೊಣಕಾಲಿಗೆ ತನ್ನ ಮೊಣಕಾಲು ಒತ್ತಿ ಕೂತಳು. ಉಳಿದವರೂ ಹತ್ತಿದರು. ಮುಂದೆ ತಮ್ಮ ಒಬ್ಬನೇ ಕೂತು ಗಾಡಿ ಎಬ್ಬಿಸಿದ.